ಒಂದೇ ಗ್ರೂಪ್, ಒಂದೇ ತಿಂಗಳು, ಎರಡು ಜಗಳ: ಹುಬ್ಬಳ್ಳಿಯ ಒಂದು ಪ್ರಕರಣ

ಹುಬ್ಬಳ್ಳಿಯ ಕೇಶ್ವಾಪುರದ ಕಡೆ ಭಾನುವಾರ ಬೆಳಿಗ್ಗೆ ಫುಟ್‌ಬಾಲ್ ಆಡುವವರದ್ದೊಂದು ವಾಟ್ಸಾಪ್ ಗ್ರೂಪ್ ಇದೆ. 2023ರ ಮಾರ್ಚ್‌ನಲ್ಲಿ ಅದರಲ್ಲಿ ಎರಡು ಜಗಳ ನಡೆದವು. ಮೊದಲನೆಯದು ಒಬ್ಬ ರೆಫ್ರಿಯ ತೀರ್ಮಾನದ ಮೇಲೆ. ಅದು ಬೈಗುಳದವರೆಗೆ ಹೋಗಿ ನಗುತ್ತಾ ಮುಗಿಯಿತು. ಎರಡನೆಯದು ಬಂದೂಕಿನ ಮೇಲೆ. ಅದರಲ್ಲಿ ಒಂದು ಕೆಟ್ಟ ಪದವೂ ಬರಲಿಲ್ಲ, ಆದರೆ ಕಾಲೇಜಿನ ಕಾಲದಿಂದ ಜೊತೆಗಿದ್ದ ಗೆಳೆಯರೊಬ್ಬರು ಗ್ರೂಪ್ ಬಿಟ್ಟು ಹೋದರು.

ಬಿಸಿ ಎರಡರಲ್ಲೂ ಅಷ್ಟೇ ಇತ್ತು. ಜನ ಅವರೇ. ಮತ್ತೆ ಯಾಕೆ ಹೀಗಾಯಿತು ಅನ್ನುವುದನ್ನು ಬಿಡಿಸಿ ನೋಡೋಣ ಅಂತ ಈ ಬರಹ. ನಾನೂ ಆ ಗ್ರೂಪ್‌ನಲ್ಲಿದ್ದೇನೆ, ಅಡ್ಮಿನ್ ಅಲ್ಲ. ಹೆಸರು ಹಾಕಿಲ್ಲ. ನಾವು ಕರೆಯುವ ಹಾಗೇ ಕರೆದಿದ್ದೇನೆ.

ಪಿಇ ಸರ್ ಹೈಸ್ಕೂಲಿನಲ್ಲಿ ಆಟ ಕಲಿಸಿ ನಿವೃತ್ತರಾದವರು. ಊರಿನ ಟೂರ್ನಮೆಂಟುಗಳಲ್ಲಿ ಸೀಟಿ ಊದಿ ಊದಿ ಬೈಸಿಕೊಳ್ಳುವುದು ಅಭ್ಯಾಸವಾಗಿದೆ. ಬೇಕರಿ ಅಣ್ಣ ಮಲಯಾಳಿ. ಅವರ ಅಪ್ಪ ರೈಲ್ವೆ ಕೆಲಸಕ್ಕೆ ಬಂದು ಇಲ್ಲೇ ಉಳಿದರು. ಅಣ್ಣನ ಮಾತು ನಮಗಿಂತ ಜಾಸ್ತಿ ಹುಬ್ಬಳ್ಳಿ, ಮನಸ್ಸು ಮಾತ್ರ ಕೇರಳ ಬ್ಲಾಸ್ಟರ್ಸ್. ಕಾಕಾ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದವರು. ಗೌಡ್ರು ರಾಣೇಬೆನ್ನೂರು ಕಡೆಯ ರೈತರು, ಧಾರವಾಡದಲ್ಲಿ ಓದುವಾಗ ಕಾಲೇಜ್ ಟೀಮಿನ ಗೋಲ್‌ಕೀಪರ್. ಎಪಿಎಂಸಿ ಕೆಲಸಕ್ಕೆ ಶನಿವಾರ ಬಂದರೆ ಭಾನುವಾರ ಆಡಿಯೇ ಊರಿಗೆ ಹೋಗುತ್ತಾರೆ. ಡಲ್ಲಾಸ್ ತಮ್ಮ ಧಾರವಾಡದ ಹುಡುಗ, ಟೆಕ್ಸಾಸ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಕೊನೆಗೆ ಸಣ್ಣಾವ. ಇಂಜಿನಿಯರಿಂಗ್ ಮುಗಿಸಿ ಕೆಲಸ ಹುಡುಕುತ್ತಿದ್ದ, ಹಾಗಾಗಿ ಮೆಸೇಜು ಹಾಕಲು ಎಲ್ಲರಿಗಿಂತ ಜಾಸ್ತಿ ಪುರಸೊತ್ತು.

ಛೆಟ್ರಿಯ ಫ್ರೀಕಿಕ್

ಮಾರ್ಚ್ 3, ಶುಕ್ರವಾರ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್) ಪ್ಲೇಆಫ್, ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಡುವೆ. 90 ನಿಮಿಷ ಆದರೂ 0-0. ಹೆಚ್ಚುವರಿ ಸಮಯದಲ್ಲಿ, 96ನೇ ನಿಮಿಷಕ್ಕೆ, ಬೆಂಗಳೂರಿಗೆ ಒಂದು ಫ್ರೀಕಿಕ್ ಸಿಕ್ಕಿತು. ಬ್ಲಾಸ್ಟರ್ಸ್ ಕಡೆಯವರು ಇನ್ನೂ ಗೋಡೆ ಕಟ್ಟುತ್ತಿದ್ದರು, ಅಂದರೆ ಚೆಂಡಿಗೆ ಅಡ್ಡ ಸಾಲಾಗಿ ನಿಲ್ಲುತ್ತಿದ್ದರು. ಅಷ್ಟರಲ್ಲಿ ಬೆಂಗಳೂರಿನ ಸುನಿಲ್ ಛೆಟ್ರಿ ಚೆಂಡನ್ನು ಎತ್ತಿ ಖಾಲಿ ಗೋಲಿಗೆ ಹಾಕಿಬಿಟ್ಟರು. ರೆಫ್ರಿ ಕ್ರಿಸ್ಟಲ್ ಜಾನ್ ಗೋಲು ಅಂದರು. ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮಾನೊವಿಚ್ ತಮ್ಮ ಹುಡುಗರನ್ನೆಲ್ಲ ಮೈದಾನದಿಂದ ಹೊರಗೆ ಕರೆದರು. ಅವರು ಮತ್ತೆ ಆಡಲು ಬರಲೇ ಇಲ್ಲ.

ನಮ್ಮ ಗ್ರೂಪ್‌ನಲ್ಲಿ ಆ ರಾತ್ರಿ ಯಾರೂ ಮಲಗಲಿಲ್ಲ.

"ಸೀಟಿ ಎಲ್ಲೈತ್ರೀ? ಸೀಟಿ ಇಲ್ಲದ ಗೋಲ್ ಹೆಂಗ ಕೊಡ್ತಾರ?" ಅಂತ ಬೇಕರಿ ಅಣ್ಣ.

"ನಿದ್ದಿ ಮಾಡೋರನ್ನ ಎಬ್ಬಿಸಿ ಗೋಲ್ ಹೊಡೀಬೇಕೇನ್ರಿ ಅಣ್ಣಾರ?" ಅಂತ ಸಣ್ಣಾವ.

"ರೆಫ್ರಿ ಕೊಟ್ಟ ಮ್ಯಾಲ ಮುಗೀತು. ಆಟ ಬಿಟ್ಟು ಹೋಗೋದು ಯಾವ ರೀತಿ?" ಅಂತ ಕಾಕಾ.

ಮುಂದಿನವು ಇಲ್ಲಿ ಬರೆಯುವಂಥವಲ್ಲ.

ಬೆಳಿಗ್ಗೆ ಪಿಇ ಸರ್ ಒಂದು ವಾಯ್ಸ್ ಮೆಸೇಜ್ ಹಾಕಿದರು. ಫ್ರೀಕಿಕ್ ಬೇಗ ಹೊಡೆಯುವುದಾದರೆ ಸೀಟಿ ಬೇಕಿಲ್ಲ. ಎದುರಾಳಿ 9.15 ಮೀಟರ್, ಅಂದರೆ ಹತ್ತು ಗಜ, ದೂರ ಇರಬೇಕು. ಆ ದೂರ ಕೇಳದೆಯೇ ಹೊಡೆಯುತ್ತೇನೆ ಅಂದರೆ ಅದು ಹೊಡೆಯುವವನ ಇಷ್ಟ. ಆದರೆ ದೂರ ಕೇಳಿ, ರೆಫ್ರಿ ಗೋಡೆ ಸರಿಸಲು ಶುರು ಮಾಡಿದರೆ ಸೀಟಿ ಆಗುವ ತನಕ ಚೆಂಡು ಮುಟ್ಟುವ ಹಾಗಿಲ್ಲ. ಪಂದ್ಯದ ನಂತರ ಛೆಟ್ರಿ, ತಮಗೆ ಸೀಟಿಯೂ ಬೇಡ, ಗೋಡೆಯೂ ಬೇಡ ಅಂತ ರೆಫ್ರಿಗೆ ಮೊದಲೇ ಹೇಳಿದ್ದಾಗಿ ತಿಳಿಸಿದರು. ಬ್ಲಾಸ್ಟರ್ಸ್ ಕಡೆಯವರ ವಾದ, ರೆಫ್ರಿ ಆಟಗಾರರನ್ನು ಹಿಂದೆ ಸರಿಸುತ್ತಿದ್ದರು, ಅಂದಮೇಲೆ ಕಾಯಲೇಬೇಕಿತ್ತು ಅಂತ. ಹಾಗಾಗಿ ಗಂಟು ಇರುವುದು ಒಂದೇ ಕಡೆ. ರೆಫ್ರಿ ಗೋಡೆಯ ಕೆಲಸ ಶುರು ಮಾಡಿದ್ದರೋ ಇಲ್ಲವೋ?

ಇಷ್ಟು ಸಿಕ್ಕ ಮೇಲೆ ಜಗಳದ ರೀತಿಯೇ ಬದಲಾಯಿತು. ಎಲ್ಲರೂ ಅದೇ ವಿಡಿಯೋ ಹಿಂದೆ ಮುಂದೆ ಓಡಿಸಿ, ಆ ಒಂದು ಪ್ರಶ್ನೆಗೆ ಉತ್ತರ ಹುಡುಕಿದರು. ಭಾನುವಾರ ಮೈದಾನದಲ್ಲಿ ನಾಟಕವೇ ನಡೆಯಿತು. ಗೌಡ್ರು ಗೋಲಿನಲ್ಲಿ ನಿಂತು ಕೈ ಬೀಸಿ ಗೋಡೆ ಕಟ್ಟಿಸಿದರು, ಬೇಕರಿ ಅಣ್ಣ ಚೆಂಡಿನ ಮುಂದೆ ಅಡ್ಡ ನಿಂತರು, ಸಣ್ಣಾವ ಛೆಟ್ರಿ. ಪಿಇ ಸರ್ ಹತ್ತು ಗಜ ಹೆಜ್ಜೆ ಹಾಕಿ ಅಳೆಯಲು ಹೊರಟರು. ನಾಲ್ಕನೇ ಹೆಜ್ಜೆಗೇ ಸಣ್ಣಾವ ಹೊಡೆದ. ಗೌಡ್ರು ಹಿಂದೆ ತಿರುಗಿ ನೋಡುವಷ್ಟರಲ್ಲಿ ಚೆಂಡು ಒಳಗೆ. "ನೋಡ್ರಿ, ಸರ್ ಅಳೀಲಿಕ್ಕೆ ಹತ್ತಿದ್ರು, ಇದು ಗೋಲ್ ಅಲ್ಲ!" ಅಂತ ಬೇಕರಿ ಅಣ್ಣ ಕುಣಿದರು. ಸರ್ ಒಪ್ಪಿದರು, ಇದು ಗೋಲಲ್ಲ. ಆದರೆ ಕಂಠೀರವದಲ್ಲಿ ಹೀಗೆ ಅಳೆದಿದ್ದರಾ ಅಂತ ಕೇಳಿದರು. ಅಣ್ಣ ಹೌದು ಅಂದರು, ಉಳಿದವರು ಇಲ್ಲ ಅಂದರು. ಎಲ್ಲರೂ ಗಿರ್ಮಿಟ್ ತಿಂದು ಮನೆಗೆ ಹೋದೆವು.

ನನ್ನನ್ನು ಕೇಳಿದರೆ ಗೋಲು ಸರಿ. ಆದರೆ ರೆಫ್ರಿ ಏನು ಮಾಡುತ್ತಿದ್ದಾರೆ ಅಂತ ಎರಡೂ ಕಡೆಗೆ ಸ್ಪಷ್ಟವಾಗಿ ಗೊತ್ತಾಗುವ ಹಾಗೆ ನಿಂತಿದ್ದರೆ ಇಷ್ಟು ರಾದ್ಧಾಂತ ಆಗುತ್ತಿರಲಿಲ್ಲ.

ಇಲ್ಲಿ ಯಾರೂ ನ್ಯಾಯಮೂರ್ತಿಗಳಾಗಿರಲಿಲ್ಲ ಅನ್ನುವುದಕ್ಕೆ ಸಾಕ್ಷಿ ಮಾರ್ಚ್ 18ರ ಫೈನಲ್. ಗೋವಾದಲ್ಲಿ ಎಟಿಕೆ ಮೋಹನ್ ಬಾಗಾನ್ ವಿರುದ್ಧ ಬೆಂಗಳೂರು 2-1ರಲ್ಲಿ ಮುಂದಿತ್ತು. 85ನೇ ನಿಮಿಷಕ್ಕೆ ಬಾಗಾನ್‌ಗೆ ಪೆನಾಲ್ಟಿ ಕೊಟ್ಟರು. ಕೊನೆಗೆ ಪೆನಾಲ್ಟಿ ಶೂಟೌಟ್‌ನಲ್ಲಿ ಬೆಂಗಳೂರು ಸೋತಿತು. "ರೆಫ್ರಿ ಕೊಟ್ಟ ಮ್ಯಾಲ ಮುಗೀತು" ಅಂದಿದ್ದ ಕಾಕಾ ಅವತ್ತು "ಫೌಲ್ ಬಾಕ್ಸ್ ಹೊರಗ ಆಗೇತಿ, ವಿಎಆರ್ ತರ್ರಿ ಮೊದಲು" ಅಂದರು. ವಿಎಆರ್ ಅಂದರೆ ರೆಫ್ರಿಯ ತೀರ್ಮಾನವನ್ನು ವಿಡಿಯೋ ನೋಡಿ ಪರಿಶೀಲಿಸುವ ವ್ಯವಸ್ಥೆ. ಬೇಕರಿ ಅಣ್ಣ ಕಾಕಾ ಅವರ ಹಳೇ ಮೆಸೇಜನ್ನೇ ಎತ್ತಿ ಅದರ ಕೆಳಗೆ ಹಾಕಿದರು. ಕಾಕಾ ಮೊದಲು ಸಿಟ್ಟಾದರು, ಆಮೇಲೆ ತಾವೇ ನಕ್ಕರು.

ಬಂದೂಕಿನ ಜಗಳ

ಮಾರ್ಚ್ 27ರಂದು ಅಮೆರಿಕದ ನ್ಯಾಶ್‌ವಿಲ್‌ನ ಕವನೆಂಟ್ ಶಾಲೆಗೆ ಒಬ್ಬರು ಬಂದೂಕು ಹಿಡಿದು ನುಗ್ಗಿದರು. ಒಂಬತ್ತು ವರ್ಷದ ಮೂರು ಮಕ್ಕಳು, ಮೂವರು ದೊಡ್ಡವರು ಸತ್ತರು. ಆ ಬಂದೂಕುಗಳನ್ನು ಅಂಗಡಿಯಿಂದ ಕಾನೂನು ಪ್ರಕಾರವೇ ಕೊಂಡಿದ್ದು ಅಂತ ಪೊಲೀಸರು ಹೇಳಿದರು. ನಮಗೆ ಸುದ್ದಿ ಬಂದಾಗ ರಾತ್ರಿ. ಸಣ್ಣಾವ ಬರೆದ: "ಎಲ್ಲಾ ಗನ್ ಕಸ್ಕೋಬೇಕ್ರಿ. ಮನ್ಯಾಗ ಗನ್ ಇಟ್ಕೊಳ್ಳೋರು ಹುಚ್ಚರ."

ಡಲ್ಲಾಸ್ ತಮ್ಮ ಆಗ ಎಚ್ಚರವಾಗಿದ್ದ. ತನ್ನ ಮನೆಯಲ್ಲೂ ಒಂದು ಪಿಸ್ತೂಲು ಇದೆ, ತಾನೇನು ಹುಚ್ಚನಾ ಅಂತ ಕೇಳಿದ. ನಮಗೆಲ್ಲ ಅದು ಹೊಸ ಸುದ್ದಿ. ಅಲ್ಲಿ ತಾತ್ಕಾಲಿಕ ವೀಸಾದವರಿಗೆ ಸಾಮಾನ್ಯವಾಗಿ ಬಂದೂಕು ಕೊಳ್ಳಲು ಬರುವುದಿಲ್ಲ. ಇವನಿಗೆ ಗ್ರೀನ್ ಕಾರ್ಡ್ ಸಿಕ್ಕಿತ್ತು, ಕೊಂಡಿದ್ದ. ಯಾಕೆ ಕೊಂಡೆ ಅಂತ ಯಾರೂ ಕೇಳಲಿಲ್ಲ.

ಎರಡು ದಿನಕ್ಕೆ, ಮಾರ್ಚ್ 29ಕ್ಕೆ, ಕರ್ನಾಟಕ ವಿಧಾನಸಭೆ ಚುನಾವಣೆ ಘೋಷಣೆಯಾಯಿತು. ಮೇ 10ಕ್ಕೆ ಮತದಾನ. ನೀತಿ ಸಂಹಿತೆ ಬಂತು ಅಂದರೆ ನಮ್ಮ ಕಡೆ ಲೈಸೆನ್ಸ್ ಇರುವವರು ಬಂದೂಕನ್ನು ಠಾಣೆಯಲ್ಲಿ ಇಟ್ಟು ರಸೀದಿ ತರಬೇಕು. ಗೌಡ್ರ ಮನೆಯಲ್ಲಿ ಅಪ್ಪನ ಕಾಲದ್ದೊಂದು ಬಂದೂಕಿದೆ, ಬೆಳೆ ಕಾಯಲು ಕೊಟ್ಟ ಲೈಸೆನ್ಸು. ಒಂಟಿ ನಳಿಗೆ, ಬಾಯಿಂದ ಮದ್ದು ತುಂಬುವಂಥದ್ದು. ಅವರು ಗ್ರೂಪ್‌ನಲ್ಲಿ ಬರೆದದ್ದು ಇಷ್ಟೇ: "ನಮ್ಮದು ನಾಳೆ ಠಾಣೆಗೆ ಹೊಂಟೈತಿ. ಗ್ವಾಂಜಾಳ ತೆನಿ ಕಟ್ಟೇತಿ. ಹಂದಿಗೆ ಎಲೆಕ್ಷನ್ ಇಲ್ಲ." ಬೋರ್‌ವೆಲ್ ನೀರಿನಲ್ಲಿ ಹಾಕಿದ ಬೇಸಿಗೆ ಗೋವಿನಜೋಳ ಅದು.

ನಗಬೇಕಾಗಿದ್ದ ಮಾತು. ಆದರೆ ಗ್ರೂಪ್ ಆಗಲೇ ನ್ಯಾಶ್‌ವಿಲ್‌ನಲ್ಲಿತ್ತು. "ಛಲೋ ಆತು ಬಿಡ್ರಿ ಗೌಡ್ರ, ಅಮೆರಿಕದಾಗೂ ಹಿಂಗ ಕಸ್ಕೋಬೇಕು" ಅಂದ ಸಣ್ಣಾವ. ಕಾಕಾ ಕೊಡಗು ತಂದರು. ಕೊಡವರ ಮನೆಮನೆಯಲ್ಲಿ ಕೋವಿ ಇದೆ, ಅಲ್ಲಿ ಯಾರಾದರೂ ಶಾಲೆಗೆ ನುಗ್ಗಿದರಾ ಅಂತ. ಯಾರೋ ಸ್ವಿಟ್ಜರ್ಲೆಂಡ್ ತಂದರು, ಇನ್ಯಾರೋ ಆಸ್ಟ್ರೇಲಿಯಾ. ಸಣ್ಣಾವ ಅಮೆರಿಕದಲ್ಲಿ ವರ್ಷಕ್ಕೆ ಹತ್ತಿರ ಐವತ್ತು ಸಾವಿರ ಕೊಲೆ ಅಂತ ಒಂದು ಫಾರ್ವರ್ಡ್ ಹಾಕಿದ.

ಮಾರ್ಚ್ 31ಕ್ಕೆ ಎರಡೂ ಜಗಳ ಒಂದಕ್ಕೊಂದು ಡಿಕ್ಕಿ ಹೊಡೆದವು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಬ್ಲಾಸ್ಟರ್ಸ್‌ಗೆ 4 ಕೋಟಿ ರೂಪಾಯಿ ದಂಡ ಹಾಕಿತು. ಕೋಚ್‌ಗೆ 10 ಪಂದ್ಯ ನಿಷೇಧ, 5 ಲಕ್ಷ ದಂಡ. ಕಾಕಾ ಖುಷಿಯಲ್ಲಿ ಬರೆದರು: "ಬ್ಯಾನ್ ಮಾಡಿದ್ದು ಭಾಳ ಛಲೋ ಆತು. ಶಿಸ್ತು ಇಲ್ಲದವ್ರಿಗೆ ಹಿಂಗ ಆಗ್ಬೇಕು." ಅದು ಹೋಗಿ ಕೂತಿದ್ದು ಡಲ್ಲಾಸ್ ತಮ್ಮನ ಪಿಸ್ತೂಲಿನ ಮೆಸೇಜಿನ ಕೆಳಗೆ ಸರಿಯಾಗಿ. "ನನಗ ಶಿಸ್ತು ಇಲ್ಲಂತೀರೇನು ಕಾಕಾ?" ಅಂತ ಅವನು ಕೇಳಿದ. ಎಲ್ಲರೂ ನಗುವ ಇಮೋಜಿ ಹಾಕಿದರು. ಅವನು ನಗುತ್ತಿರಲಿಲ್ಲ ಅಂತ ನಮಗೆ ಗೊತ್ತಾಗಿದ್ದು ತಿಂಗಳ ಮೇಲೆ.

ಆವತ್ತು ರಾತ್ರಿ ಗೌಡ್ರು, ಬಂದೂಕು ಇದ್ದವರೆಲ್ಲ ಕೊಲ್ಲಲಿಕ್ಕೆ ಇಟ್ಟುಕೊಂಡಿರುವುದಿಲ್ಲ, ಹೊಲದ ಕಷ್ಟ ಹೊಲದವನಿಗೆ ಗೊತ್ತು ಅಂತ ಬರೆದರು. ಸಣ್ಣಾವನ ಉತ್ತರ ಬಂತು: "ನಿಮ್ಮ ಗ್ವಾಂಜಾಳಕ್ಕಿಂತ ಆ ಕೂಸುಗಳ ಜೀವ ಸಣ್ಣದೇನ್ರಿ ಗೌಡ್ರ?"

ಗೌಡ್ರು ಏನೂ ಬರೆಯಲಿಲ್ಲ. ಗ್ರೂಪ್ ಬಿಟ್ಟರು. ಅಡ್ಮಿನ್ ಗಾಬರಿಯಾಗಿ, ಅಡ್ಮಿನ್ ಮಾತ್ರ ಮೆಸೇಜ್ ಹಾಕುವ ಹಾಗೆ ಗ್ರೂಪಿಗೆ ಬೀಗ ಹಾಕಿದರು. "ಇನ್ನು ಮ್ಯಾಲೆ ಬರೇ ಫುಟ್‌ಬಾಲ್" ಅಂತ ಒಂದು ಸೂಚನೆ ಬಂತು.

ಎಲ್ಲಿ ತಪ್ಪಿತು

ಅಡ್ಮಿನ್ ಪ್ರಕಾರ ತಪ್ಪು ವಿಷಯದ್ದು. ಆಟದ ಗ್ರೂಪ್‌ಗೆ ಬಂದೂಕು ಯಾಕೆ ಬೇಕಿತ್ತು ಅಂತ ಈಗಲೂ ಅವರ ವಾದ. ನಾನು ಒಪ್ಪುವುದಿಲ್ಲ. ಛೆಟ್ರಿ ಗೋಲಿನ ರಾತ್ರಿ ಇದಕ್ಕಿಂತ ಕೆಟ್ಟದಾಗಿ ಮಾತಾಡಿದ್ದೆವು. ಆಗ ಉಳಿಸಿದ್ದು, ಎಲ್ಲರ ಕಣ್ಣ ಮುಂದೆ ಇದ್ದದ್ದು ಒಂದೇ ಚೆಂಡು, ಒಂದೇ ಫ್ರೀಕಿಕ್, ಒಂದೇ ಪ್ರಶ್ನೆ. ಬಂದೂಕಿನ ಮಾತು ಬಂದಾಗ ಒಬ್ಬೊಬ್ಬರ ಕಣ್ಣ ಮುಂದೆ ಒಂದೊಂದು ಬಂದೂಕು. ಸಣ್ಣಾವನಿಗೆ ಶಾಲೆಗೆ ನುಗ್ಗಿದವರ ರೈಫಲ್, ಡಲ್ಲಾಸ್ ತಮ್ಮನಿಗೆ ಮಂಚದ ಪಕ್ಕದ ಪಿಸ್ತೂಲು, ಗೌಡ್ರಿಗೆ ಹಂದಿ ಓಡಿಸುವ ಸದ್ದು.

ಆ ಮೂರಕ್ಕೂ ಕಾನೂನೇ ಬೇರೆ ಬೇರೆ. ಅಮೆರಿಕದಲ್ಲಿ 1791ರ ಎರಡನೇ ತಿದ್ದುಪಡಿ ಇದೆ. ಮನೆಯಲ್ಲಿ ಬಂದೂಕು ಇಟ್ಟುಕೊಳ್ಳುವುದು ವ್ಯಕ್ತಿಯ ಹಕ್ಕು ಅಂತ ಅಲ್ಲಿನ ಸುಪ್ರೀಂ ಕೋರ್ಟ್ 2008ರ ಹೆಲ್ಲರ್ ತೀರ್ಪಿನಲ್ಲಿ 5-4ರಿಂದ ಹೇಳಿತು. ಆ ಹಕ್ಕಿಗೆ ಮಿತಿ ಇಲ್ಲ ಅಂತಲ್ಲ ಅನ್ನುವುದೂ ಅದೇ ತೀರ್ಪಿನಲ್ಲಿದೆ. ಹಾಗಾಗಿ "ಎಲ್ಲಾ ಕಸ್ಕೋರಿ" ಅನ್ನುವುದು ಅಲ್ಲಿ ಒಂದು ಸರ್ಕಾರ ಮನಸ್ಸು ಮಾಡಿದರೆ ಆಗುವ ಕೆಲಸ ಅಲ್ಲ. ಆಸ್ಟ್ರೇಲಿಯಾದಲ್ಲಿ ಅಂಥ ತಿದ್ದುಪಡಿ ಇರಲಿಲ್ಲ. 1996ರಲ್ಲಿ ಪೋರ್ಟ್ ಆರ್ಥರ್‌ನಲ್ಲಿ 35 ಜನ ಸತ್ತ ಮೇಲೆ ಅಲ್ಲಿನ ಸರ್ಕಾರ ದುಡ್ಡು ಕೊಟ್ಟು ಸುಮಾರು ಆರೂವರೆ ಲಕ್ಷ ಬಂದೂಕು ವಾಪಸ್ ಪಡೆಯಿತು. ಅದೇ ವರ್ಷ ಸ್ಕಾಟ್ಲೆಂಡಿನ ಡನ್‌ಬ್ಲೇನ್ ಶಾಲೆಯಲ್ಲಿ 16 ಮಕ್ಕಳು, ಒಬ್ಬ ಶಿಕ್ಷಕಿ ಸತ್ತರು. ಮರುವರ್ಷ ಬ್ರಿಟನ್ ಕೈಬಂದೂಕು ನಿಷೇಧಿಸಿತು.

ನಮ್ಮಲ್ಲಿ ಬಂದೂಕು ಹಕ್ಕಲ್ಲ, ಲೈಸೆನ್ಸು. 1959ರ ಶಸ್ತ್ರಾಸ್ತ್ರ ಕಾಯ್ದೆ ಅದು. ಒಬ್ಬರಿಗೆ ಮೂರು ಬಂದೂಕು ಅಂತ ಇದ್ದ ಮಿತಿಯನ್ನು 2019ರಲ್ಲಿ ಎರಡಕ್ಕೆ ಇಳಿಸಿದರು. ಅದೇ ಕಾಯ್ದೆಯಲ್ಲಿ ಬೆಳೆ ಕಾಯಲು ಬಾಯಿಂದ ಮದ್ದು ತುಂಬುವ ಬಂದೂಕಿಗೆ ಬೇರೆ ಜಾಗವೇ ಇದೆ. ಕಾಕಾ ಹೇಳಿದ ಕೊಡಗಿನ ಕೋವಿಗೆ ಲೈಸೆನ್ಸಿನಿಂದ ವಿನಾಯಿತಿ ಇರುವುದು ನಿಜ, ಅದು 2029ರವರೆಗೆ ಮುಂದುವರಿದಿದೆ. ಆದರೆ ಅದು ಕೊಡವರಿಗೆ ಮತ್ತು ಜಮ್ಮಾ (ಅಲ್ಲಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಮಾತ್ರ. ಟೆಕ್ಸಾಸ್‌ನಲ್ಲಿ 2021ರ ಸೆಪ್ಟೆಂಬರ್‌ನಿಂದ 21 ದಾಟಿದ ಬಹುತೇಕ ಯಾರಾದರೂ ಪರವಾನಗಿ ಇಲ್ಲದೆ ಪಿಸ್ತೂಲು ಇಟ್ಟುಕೊಂಡು ತಿರುಗಬಹುದು. ಮಡಿಕೇರಿ ತೋರಿಸಿ ಡಲ್ಲಾಸ್ ಸರಿ ಅನ್ನುವುದಕ್ಕೆ ಆಗುವುದಿಲ್ಲ, ಡಲ್ಲಾಸ್ ತೋರಿಸಿ ರಾಣೇಬೆನ್ನೂರಿನವರಿಗೆ ಬೈಯುವುದಕ್ಕೂ ಆಗುವುದಿಲ್ಲ.

ಸಣ್ಣಾವನ ಐವತ್ತು ಸಾವಿರವನ್ನೇ ತಗೊಳ್ಳಿ. 2021ರಲ್ಲಿ ಅಮೆರಿಕದಲ್ಲಿ ಗುಂಡಿಗೆ ಸತ್ತವರು 48,830. ಅಂಕಿ ಹತ್ತಿರ ಹತ್ತಿರ ಸರಿ, "ಕೊಲೆ" ಅನ್ನುವುದು ತಪ್ಪು. ಅದರಲ್ಲಿ 26,328 ಆತ್ಮಹತ್ಯೆ. ಅರ್ಧಕ್ಕಿಂತ ಜಾಸ್ತಿ ಅಲ್ವಾ? ಅಂದರೆ ಶಾಲೆಗೆ ನುಗ್ಗುವ ರೈಫಲ್ ಒಂದು ಸಮಸ್ಯೆ, ಮನೆಯ ಡ್ರಾದಲ್ಲಿ ಕೈಗೆ ಸಿಗುವ ಪಿಸ್ತೂಲು ಇನ್ನೊಂದು ಸಮಸ್ಯೆ. ಎರಡನೆಯದು ದೊಡ್ಡದು, ಅದಕ್ಕೆ ಟಿವಿ ಸುದ್ದಿ ಇಲ್ಲ. ಡಲ್ಲಾಸ್ ತಮ್ಮನ ಜೊತೆ ಮಾತಾಡಬೇಕಾಗಿದ್ದದ್ದು ಅದನ್ನು. ನಾವು ಮಾತಾಡಿದ್ದು ಅವನು ಹುಚ್ಚನೋ ಅಲ್ಲವೋ ಅನ್ನುವುದನ್ನು.

2023ರ ಸೆಪ್ಟೆಂಬರ್ 30ಕ್ಕೆ ಇಂಗ್ಲೆಂಡಿನ ಟಾಟೆನ್‌ಹ್ಯಾಮ್-ಲಿವರ್‌ಪೂಲ್ ಫುಟ್‌ಬಾಲ್ ಪಂದ್ಯದಲ್ಲಿ ಆದದ್ದು ಇದಕ್ಕೆ ತುಂಬಾ ಹತ್ತಿರ. ಲಿವರ್‌ಪೂಲ್‌ನ ಲೂಯಿಸ್ ಡಿಯಾಸ್ ಗೋಲು ಹೊಡೆದರು, ಮೈದಾನದಲ್ಲಿದ್ದ ರೆಫ್ರಿಗಳು ಆಫ್‌ಸೈಡ್, ಅಂದರೆ ಗೋಲು ಲೆಕ್ಕಕ್ಕಿಲ್ಲ, ಅಂದರು. ವಿಎಆರ್ ಕೋಣೆಯಲ್ಲಿದ್ದವರು ಚಿತ್ರ ನೋಡಿ ಆಫ್‌ಸೈಡ್ ಅಲ್ಲ ಅಂತ ಸರಿಯಾಗಿಯೇ ಕಂಡುಕೊಂಡರು. ಆದರೆ ಮೈದಾನದಲ್ಲಿ ಗೋಲು ಕೊಟ್ಟಿದ್ದಾರೆ ಅಂತ ಅವರ ತಲೆಯಲ್ಲಿತ್ತು. ಪರಿಶೀಲನೆ ಮುಗಿಯಿತು ಅಂದರು. ಮೈದಾನದಲ್ಲಿದ್ದವರು ಆಫ್‌ಸೈಡ್ ಖಾಯಂ ಅಂದುಕೊಂಡು ಆಟ ಮುಂದುವರಿಸಿದರು. ತಪ್ಪು ಗೊತ್ತಾಗುವಷ್ಟರಲ್ಲಿ ಆಟ ಶುರುವಾಗಿತ್ತು, ನಿಯಮದ ಪ್ರಕಾರ ಹಿಂದೆ ಹೋಗುವ ಹಾಗಿರಲಿಲ್ಲ. ಕಣ್ಣು ತಪ್ಪಲಿಲ್ಲ, ನೀವು ಕೊಟ್ಟದ್ದೇನು ಅಂತ ಕೇಳುವುದು ತಪ್ಪಿತು. ಪಿಇ ಸರ್ ಇದನ್ನು ಗ್ರೂಪ್‌ಗೆ ಹಾಕಿದಾಗ ಕೆಳಗೆ ಒಂದೇ ಸಾಲು ಬರೆದಿದ್ದರು: "ಸಣ್ಣಾವ, ಇದನ್ನ ಎರಡು ಸಲ ಓದು."

ಮೇ 7ರ ಬೆಳಿಗ್ಗೆ

ಗೌಡ್ರು ಗ್ರೂಪ್ ಬಿಟ್ಟರೂ ಮೈದಾನ ಬಿಟ್ಟಿರಲಿಲ್ಲ. ಮೇ 7, ಭಾನುವಾರ, ಬೂಟು ಕಟ್ಟುವಾಗಲೇ ಸುದ್ದಿ ಬಂತು. ಡಲ್ಲಾಸ್‌ನ ಉತ್ತರಕ್ಕಿರುವ ಅಲೆನ್ ಊರಿನ ಮಾಲ್‌ನಲ್ಲಿ ಗುಂಡು ಹಾರಿಸಿ ಎಂಟು ಜನರನ್ನು ಕೊಂದಿದ್ದಾರೆ. ಅಲ್ಲಿ ಇನ್ನೂ ಶನಿವಾರ ರಾತ್ರಿ. ಬೀಗ ಹಾಕಿದ ಗ್ರೂಪ್‌ನಲ್ಲಿ ಹುಷಾರಿದ್ದೀಯಾ ಅಂತ ಕೇಳುವುದಕ್ಕೂ ಆಗುತ್ತಿರಲಿಲ್ಲ. ಗೌಡ್ರೇ ನೇರ ವಿಡಿಯೋ ಕಾಲ್ ಮಾಡಿದರು.

ಹುಡುಗ ಮನೆಯಲ್ಲೇ ಇದ್ದ. ಆ ಮಾಲ್‌ಗೆ ಆಗಾಗ ಹೋಗುತ್ತಿದ್ದನಂತೆ. ಫೋನು ಒಬ್ಬರ ಕೈಯಿಂದ ಒಬ್ಬರಿಗೆ ಹೋಯಿತು. ಸರದಿ ಬಂದಾಗ ಪಿಇ ಸರ್ ಸುಮ್ನೆ ಕೇಳಿದ ಹಾಗೆ ಕೇಳಿದರು: "ಲೇ, ಆ ಪಿಸ್ತೂಲು ಯಾವಾಗ ತೊಗೊಂಡಿ? ಯಾಕ ತೊಗೊಂಡಿ?" ಮಾರ್ಚ್‌ನಲ್ಲಿ ನಮ್ಮಲ್ಲಿ ಯಾರ ಬಾಯಿಗೂ ಬರದಿದ್ದ ಪ್ರಶ್ನೆ. ಅವನು ರಾತ್ರಿ ಪಾಳಿಯಲ್ಲಿದ್ದಾಗ ಪಕ್ಕದ ಮನೆಗೆ ಕಳ್ಳರು ನುಗ್ಗಿದ್ದರು. ಹೆಂಡತಿ ಬಾಣಂತಿ, ಒಬ್ಬಳೇ ಇದ್ದಳು. ಮರುವಾರ ಕೊಂಡ.

"ಎಲ್ಲಿಡ್ತೀಯೋ ಅದನ್ನ?" ಅಂತ ಗೌಡ್ರು ಕೇಳಿದರು.

"ಮಂಚದ ಬಾಜೂಕ, ಡ್ರಾದಾಗ."

"ತುಂಬಿಟ್ಟೀಯೇನು?"

"ಹೌದ್ರಿ. ಹೊತ್ತಿಗಾಗಬೇಕಲ್ರಿ."

"ಕೂಸು ಅಂಬೆಗಾಲು ಇಡ್ಲಿಕ್ಕೆ ಹತ್ತೈತಿ ಅಂದಿ ಈಗ." ಗೌಡ್ರು ತಮ್ಮ ಮನೆಯ ಪದ್ಧತಿ ಹೇಳಿದರು. ಬಂದೂಕು ಅಟ್ಟದ ಮೇಲೆ, ಮದ್ದು ಒಳಕೋಣೆಯಲ್ಲಿ, ಮದ್ದು ಹೊತ್ತಿಸುವ ಕೇಪು ಇವರ ಟ್ರಂಕಿನಲ್ಲಿ ಬೀಗದೊಳಗೆ. ಅಪ್ಪ ಮಾಡಿದ ಪದ್ಧತಿ, ಮಗನಿಗೆ ಯಾವ ಜಾಗವೂ ಗೊತ್ತಿಲ್ಲ. ಹಂದಿಗೆ ಹೊಡೆಯುವುದೂ ಇಲ್ಲ, ಅದಕ್ಕೆ ಅರಣ್ಯ ಇಲಾಖೆ ಅನುಮತಿ ಬೇಕು. ಮದ್ದು ಸುಟ್ಟು ಸದ್ದು ಮಾಡುವುದಷ್ಟೇ. ಇದನ್ನು ಸಣ್ಣಾವ ಬಾಯಿ ಬಿಟ್ಟುಕೊಂಡು ಕೇಳಿದ. ಅವನು ನಿಜವಾದ ಬಂದೂಕನ್ನು ಹತ್ತಿರದಿಂದ ನೋಡಿದ್ದು ಬ್ಯಾಂಕ್ ಗಾರ್ಡ್ ಭುಜದ ಮೇಲೆ ಮಾತ್ರ.

ಯಾರ ಅಭಿಪ್ರಾಯವೂ ಬದಲಾಗಲಿಲ್ಲ. ಸಣ್ಣಾವ ಇವತ್ತಿಗೂ ಮನೆಯಲ್ಲಿ ಬಂದೂಕೇ ಬೇಡ ಅನ್ನುತ್ತಾನೆ. ಡಲ್ಲಾಸ್ ತಮ್ಮ ಪಿಸ್ತೂಲು ಮಾರಲಿಲ್ಲ, ಬೆರಳಿಟ್ಟರೆ ತೆರೆಯುವ ಬೀಗದ ಪೆಟ್ಟಿಗೆ ತಂದು ಅದರೊಳಗೆ ಇಟ್ಟ. ಅಮೆರಿಕದಲ್ಲಿ 2020ರಿಂದ ಒಂದು ವರ್ಷ ದಾಟಿದ ಮಕ್ಕಳು ಮತ್ತು ಹದಿಹರೆಯದವರ ಸಾವಿಗೆ ಮೊದಲನೇ ಕಾರಣ ಗುಂಡು. ಆ ದೊಡ್ಡ ಲೆಕ್ಕದಲ್ಲಿ ಒಂದು ಪೆಟ್ಟಿಗೆ ಏನೂ ಅಲ್ಲ. ಆದರೆ ಮಾರ್ಚ್‌ನ ನೂರಾರು ಮೆಸೇಜುಗಳಿಂದ ಅಷ್ಟೂ ಆಗಿರಲಿಲ್ಲ.

ಸಣ್ಣಾವ ಗೌಡ್ರ ಹತ್ತಿರ ಕ್ಷಮೆ ಕೇಳಿದನಾ ಅಂತ ಕೆಲವರು ನನ್ನನ್ನು ಕೇಳಿದ್ದಾರೆ. ಇಲ್ಲ. ಆ ದಿನ ಗೌಡ್ರ ಕಿಟ್ ಬ್ಯಾಗ್ ಹೊತ್ತುಕೊಂಡು ಬಸ್‌ ಸ್ಟಾಪಿನವರೆಗೆ ಹೋದ, ಅಷ್ಟೇ. ಅಡ್ಮಿನ್ ಅವತ್ತೇ ಬೀಗ ತೆಗೆದರು. ಗೌಡ್ರು ವಾಪಸ್ ಸೇರಿದ್ದು ಫಲಿತಾಂಶ ಬಂದು, ಬಂದೂಕು ಮನೆಗೆ ಬಂದ ಮೇಲೆ. ಅಷ್ಟರಲ್ಲಿ ತಗ್ಗಿನ ಕಡೆಯ ನಾಲ್ಕು ಸಾಲು ಗೋವಿನಜೋಳ ಹಂದಿ ಪಾಲಾಗಿತ್ತು.

2024ರ ಮಾರ್ಚ್ 16ಕ್ಕೆ ಲೋಕಸಭೆ ಚುನಾವಣೆ ಘೋಷಣೆಯಾಯಿತು. ಧಾರವಾಡ, ಹಾವೇರಿಗೆ ಮೇ 7ಕ್ಕೆ ಮತದಾನ, ಎಣಿಕೆ ಜೂನ್ 4ಕ್ಕೆ. ಎರಡೂವರೆ ತಿಂಗಳ ಮೇಲೆಯೇ ಸಂಹಿತೆ. ಗೌಡ್ರು ಠಾಣೆಯ ರಸೀದಿಯ ಫೋಟೋ ಗ್ರೂಪ್‌ಗೆ ಹಾಕಿದರು. ಮೊದಲು ಉತ್ತರ ಬಂದದ್ದು ಸಣ್ಣಾವನಿಂದ: "ಈ ಸಲ ಏನ್ ಹಾಕೀರಿ ಗೌಡ್ರ? ರಾತ್ರಿ ಯಾರು ಕಾಯ್ತಾರ?"

"ಶೇಂಗಾ. ಪಟಾಕಿ ತಂದಿಟ್ಟೀನಿ" ಅಂತ ಗೌಡ್ರು ಬರೆದರು.